ಕಾಡಂಚಿನ ಹೊಲಕ್ಕೆ ಯಾರ ಕಾವಲು?

ಸಕಲೇಶಪುರ, ಆಲೂರು, ಕೊಡಗಿನ ಕಡೆಗಳಿಂದ ಬರುವ ಆನೆಯ ಸುದ್ದಿಗಳಿಗೆ ಈಗ ಒಂದು ಸಿದ್ಧರೂಪವೇ ಏರ್ಪಟ್ಟಿದೆ. ಆನೆಗಳು ಗದ್ದೆಗಿಳಿದವು, ಬೆಳೆ ಹಾಳಾಯಿತು, ಜನರು ರಸ್ತೆ ತಡೆದರು, ಅಧಿಕಾರಿಗಳು ಪರಿಹಾರದ ಭರವಸೆಯಿತ್ತರು. ತೋಟಕ್ಕೆ ಹೋದ ಕೂಲಿಯಾಳು ಮರಳಿ ಬಾರದ ದಿನ ಸುದ್ದಿ ಮುಖಪುಟಕ್ಕೆ ಏರುತ್ತದೆ. ಉಳಿದ ದಿನಗಳಲ್ಲಿ ಒಳಪುಟದ ಮೂಲೆಯಲ್ಲಿರುತ್ತದೆ. ಕಾಡನ್ನು ಮನುಷ್ಯನೇ ಕಬಳಿಸಿದ ಮೇಲೆ ಮೂಕಪ್ರಾಣಿ ಏನು ಮಾಡೀತೆಂದು ಪಟ್ಟಣಿಗರು ಕೇಳುತ್ತಾರೆ. ಆನೆ ಸರ್ಕಾರದ್ದು, ಸರ್ಕಾರವೇ ಅದನ್ನು ಕಟ್ಟಿಕೊಳ್ಳಲಿ ಎಂದು ರೈತನು ಹೇಳುತ್ತಾನೆ. ಎರಡು ಮಾತಿನಲ್ಲಿಯೂ ಸತ್ಯಾಂಶವುಂಟು. ಆದರೆ ಕಾಡಿಗೂ ಹೊಲಕ್ಕೂ ನಡುವೆ ಮೂರನೆಯ ನೆಲವೊಂದಿತ್ತು, ಅದು ಊರೊಟ್ಟಿನದಾಗಿತ್ತು ಎಂಬುದನ್ನು ಇಬ್ಬರೂ ಮರೆತಂತಿದೆ. ಈ ವಿವಾದದ ಗಂಟು ಇರುವುದು ಅಲ್ಲಿಯೇ ಎಂದು ನನ್ನ ನಂಬುಗೆ.

2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿದ್ದವು. ದೇಶದ ಬೇರಾವ ರಾಜ್ಯದಲ್ಲಿಯೂ ಅಷ್ಟಿರಲಿಲ್ಲ. ಬೆಳೆದ ಆನೆಯೊಂದಕ್ಕೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಕಾಡಿನೊಳಗೆ ಹುಲ್ಲು ಬೆಳೆಯಬೇಕಾದೆಡೆಯಲ್ಲಿ ಲಂಟಾನ ಹಬ್ಬಿದೆ. ಹೊರಗಿನ ಕಾಫಿ ತೋಟಗಳಲ್ಲಾದರೋ ನೆರಳಿದೆ, ಹಲಸಿನ ಹಣ್ಣಿದೆ, ಬೇಸಗೆಯಲ್ಲಿಯೂ ಬತ್ತದ ಕೆರೆಯಿದೆ. ಆದುದರಿಂದ ಕೆಲವು ಹಿಂಡುಗಳು ತೋಟಕ್ಕೆ ಬಂದುಹೋಗುವುದಿಲ್ಲ, ತೋಟದಲ್ಲಿಯೇ ನೆಲಸಿವೆ.

ಹಾನಿಯೆಂದರೆ ಆನೆ ತಿಂದುದಷ್ಟೇ ಅಲ್ಲ. ಕಾಡಂಚಿನ ಊರಿನಿಂದ ಬರುವ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಮೂರು ವರ್ಷಗಳಿಂದ ಗದ್ದೆಯನ್ನು ಬೀಳುಬಿಟ್ಟಿದ್ದಾರೆ. "ಬಿತ್ತಿದ್ದರೆ ತಾನೆ ಸಾರ್, ಬೆಳೆ ಹೋಯಿತೆಂದು ಅರ್ಜಿ ಕೊಡುವುದು?" ಎಂದು ಅವನು ಒಮ್ಮೆ ಕೇಳಿದ. ಬಿತ್ತದೆ ಬಿಟ್ಟ ಗದ್ದೆಯ ನಷ್ಟಕ್ಕೆ ಕಾಲಂ ಇರುವ ಅರ್ಜಿ ನಮ್ಮಲ್ಲಿಲ್ಲ. ಪಾಲಿಗೆ ಉಳುವವನ ಪಾಡು ಇನ್ನೂ ಕಠಿಣ. ಬೆವರು ಅವನದು, ಪಹಣಿ ಇನ್ನೊಬ್ಬರ ಹೆಸರಿನಲ್ಲಿ.

ಪರಿಹಾರವಾಗಲಿ ಬೇಲಿಯಾಗಲಿ ಬೇಡವೆಂದಲ್ಲ. ಆದರೆ ಎರಡೂ ರೈತನನ್ನು ಒಂಟಿಯಾಗಿ ಕಾಣುತ್ತವೆ. ಒಬ್ಬನು ತನ್ನ ಹೊಲದ ಸುತ್ತ ಸೌರ ತಂತಿ ಎಳೆದರೆ ಆನೆ ಪಕ್ಕದವನ ಹೊಲಕ್ಕೆ ತಿರುಗುತ್ತದೆ. ತಂತಿ ಎಳೆಯಲು ಹಣವಿಲ್ಲದ ಬಡವನ ಪಾಲಿಗೆ ಎಲ್ಲರ ಆನೆಗಳೂ ಬರುತ್ತವೆ. ಮಲೆನಾಡಿನ ಮಳೆಗೆ ಆನೆ ಕಂದಕದ ದಂಡೆ ಕುಸಿಯುತ್ತದೆ. ರೈಲು ಕಂಬಿಗಳ ತಡೆಗೆ ಕಿಲೋಮೀಟರಿಗೆ ಕೋಟಿ ರೂಪಾಯಿಗೂ ಮೀರಿದ ವೆಚ್ಚ. ಎಷ್ಟು ವೆಚ್ಚವಾದರೂ ಅದನ್ನು ದಿನವೂ ನೋಡಿಕೊಳ್ಳುವ ಕೈ ಊರಿನದೇ ಆಗದಿದ್ದರೆ ಫಲವಿಲ್ಲ.

ಹಿಂದೆ ಆ ಕೈ ಇತ್ತೆ? ಇತ್ತು ಎನ್ನಬಹುದು. ಗೋಮಾಳ, ಕೆರೆಯಂಗಳ, ಸೊಪ್ಪಿನ ಬೆಟ್ಟ, ದೇವರಕಾಡು, ಇವು ಒಡೆಯರಿಲ್ಲದ ನೆಲಗಳಾಗಿರಲಿಲ್ಲ, ಕಟ್ಟಳೆಯಿದ್ದ ನೆಲಗಳಾಗಿದ್ದವು. ಎಷ್ಟು ಸೊಪ್ಪು ತರಬೇಕು, ಎಲ್ಲಿ ಕೊಡಲಿ ಇಡಬಾರದು ಎಂಬುದು ಊರಿಗೆ ತಿಳಿದಿತ್ತು. ಕೊಡಗಿನ ದೇವರಕಾಡುಗಳ ಲೆಕ್ಕವನ್ನೇ ನೋಡಿ: 1905ರಲ್ಲಿ ಅವುಗಳ ವಿಸ್ತಾರ ಸುಮಾರು 6,277 ಹೆಕ್ಟೇರು, 1985ರ ಹೊತ್ತಿಗೆ ಅದು 2,550ಕ್ಕೆ ಇಳಿದಿತ್ತು. ಒಂದು ದೇವರಕಾಡು ಒಂದು ಆನೆಯನ್ನೂ ಸಾಕಲಾರದು, ನಿಜ. ಆದರೆ ಅದರೊಡನೆ ಕಳೆದುಹೋದುದು ಮರಗಳಷ್ಟೇ ಅಲ್ಲ, ಕೂಡಿ ಕಾಯುವ ರೂಢಿ ಕೂಡ.

ಆ ಕಾಲವನ್ನು ಹೊಗಳುತ್ತ ಕೂರುವುದು ನನ್ನ ಉದ್ದೇಶವಲ್ಲ. ಹಳೆಯ ಊರೊಟ್ಟಿನಲ್ಲಿ ಎಲ್ಲರ ಮಾತಿಗೂ ಒಂದೇ ತೂಕವಿರಲಿಲ್ಲ. ರಾತ್ರಿಯ ಚಳಿಯಲ್ಲಿ ಅಟ್ಟಣೆ ಏರಿ ತಮಟೆ ಬಡಿದವನು ಹೆಚ್ಚಾಗಿ ಹೊಲದ ಒಡೆಯನಲ್ಲ, ಅವನ ಆಳು. ಗೋಮಾಳದ ತುಂಡೊಂದು ಮುಂದೆ ಆ ಆಳಿಗೆ ಮಂಜೂರಾಗಿದ್ದರೆ ಅದನ್ನು ಅನ್ಯಾಯವೆನ್ನಲಾಗದು. ಅನ್ಯಾಯವಾದುದು, ಉಳಿದ ನೆಲ ಉಳ್ಳವರ ಒತ್ತುವರಿಗೆ ಸೇರಿದಾಗ ಮತ್ತು ಸೊಪ್ಪಿನ ಬೆಟ್ಟದಲ್ಲಿ ದನ ಮೂಸದ ಅಕೇಸಿಯಾ ಎದ್ದು ನಿಂತಾಗ.

ಕನ್ನಡ ವಿದ್ಯಾರ್ಥಿಗಳೆಲ್ಲರೂ ಬಲ್ಲ ಆತಕೂರಿನ ಕಲ್ಲು ಇಲ್ಲಿ ನೆನಪಾಗುತ್ತದೆ. ಕ್ರಿ.ಶ. 949–50ರ ಆ ಶಾಸನದಲ್ಲಿ ಮಣಲೇರನು ಒಡೆಯನಿಂದ ಬೇಡಿ ಪಡೆದ ಕಾಳಿಯೆಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಮಡಿದ ಸಂಗತಿಯಿದೆ. ನಾವು ತರಗತಿಯಲ್ಲಿ ನಾಯಿಯ ಶೌರ್ಯವನ್ನು ಹೇಳಿ ಮುಂದೆ ಸಾಗುತ್ತೇವೆ. ಆ ಕಲ್ಲಿಗೆ ಭೂಮಿಯನ್ನು ಬಿಟ್ಟುದು, ಆ ಭೂಮಿಯನ್ನು ಅನುಭವಿಸುವ ಗೊರವನು ಪೂಜೆ ಸಲ್ಲಿಸದೆ ಉಂಡರೆ ಪಾಪವೆಂದು ವಿಧಿಸಿದುದು ನಮ್ಮ ಗಮನಕ್ಕೆ ಅಷ್ಟಾಗಿ ಬರುವುದಿಲ್ಲ. ನೆಲದ ಫಲವನ್ನು ಉಣ್ಣುವವನಿಗೆ ಆ ನೆಲದ ಕರ್ತವ್ಯವೂ ಅಂಟಿಕೊಂಡಿದೆಯೆಂಬುದು ಅಲ್ಲಿಯ ತಾತ್ಪರ್ಯ. ಸ್ವತ್ತು ಮತ್ತು ಹೊಣೆ ಎರಡೂ ಒಂದೇ ಕಲ್ಲಿನಲ್ಲಿ ಕಂಡರಿಸಲ್ಪಟ್ಟಿದ್ದವು.

ಇಂದಿನ ಕಾನೂನಿಗೂ ಈ ಭಾವನೆ ಅಪರಿಚಿತವಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯು ಕಾಡನ್ನು ಬಳಸುವ ಹಕ್ಕಿನೊಡನೆ ಅದನ್ನು ಕಾಪಾಡುವ ಅಧಿಕಾರವನ್ನೂ ಗ್ರಾಮಸಭೆಗೆ ಕೊಡುತ್ತದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಮೀಸಲು ಪ್ರದೇಶದೊಳಗೇ ಸಮುದಾಯದ ಹಕ್ಕನ್ನು ಪಡೆದರು. ಹಿಂದೆ ತಾವು ಹಾಕುತ್ತಿದ್ದ ತರಗು ಬೆಂಕಿಯನ್ನು ನಿಲ್ಲಿಸಿದ ಮೇಲೆಯೇ ಲಂಟಾನ ಹೆಚ್ಚಿತೆಂದು ಅವರ ಹಿರಿಯರು ಹೇಳುತ್ತಾರೆ. ಕಾಡನ್ನು ಬಲ್ಲವರ ಆ ಮಾತನ್ನು ಕೇಳುವ ಕಿವಿ ನಮಗಿರಬೇಕು. ಅದೇ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗ್ರಾಮಗಳ ಸಾಮುದಾಯಿಕ ಭೂಮಿಯ ಒತ್ತುವರಿಯನ್ನು ತೆರವುಗೊಳಿಸುವಂತೆ ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು.

ಉಳಿದ ಗೋಮಾಳದಲ್ಲಿ ಮೇವು ಬೆಳೆಸಿದರೆ ಊರಿನ ದನಗಳು ಕಾಡಿನ ಹುಲ್ಲಿಗೆ ಹೋಗುವುದು ಕಡಿಮೆಯಾದೀತು. ಇಡೀ ಊರಿಗೆ ಒಂದೇ ಬೇಲಿಯಾಗಿ, ಅದರ ಪಾಳಿ ಎಲ್ಲ ಮನೆಗಳಿಗೂ ಹಂಚಿಕೆಯಾದರೆ ಬಡವನ ಹೊಲ ದಾರಿಯಾಗದು. ಬಿತ್ತನೆ ಕೊಯ್ಲುಗಳು ಊರಿಗೆಲ್ಲ ಒಂದೇ ಕಾಲಕ್ಕೆ ನಡೆದರೆ ಕಾಯುವ ರಾತ್ರಿಗಳು ಕಡಿಮೆಯಾಗುತ್ತವೆ. ಪಾಲುಗಾರನ ನಷ್ಟವನ್ನೂ ಬೀಳುಬಿದ್ದ ಗದ್ದೆಯನ್ನೂ ಗ್ರಾಮಸಭೆಯೇ ದೃಢೀಕರಿಸುವಂತಾಗಬೇಕು. ಕಡಿದುಹೋದ ಆನೆದಾರಿಗಳನ್ನು ಕೂಡಿಸುವುದು ಮಾತ್ರ ಊರಿನಿಂದಾಗುವ ಕೆಲಸವಲ್ಲ. ಅದು ಸರ್ಕಾರದ ಹೊಣೆ, ಊರಿನ ಹೆಸರು ಹೇಳಿ ಅದು ಜಾರಿಕೊಳ್ಳಬಾರದು.

ದೇಶದಲ್ಲಿ ಆನೆಯಿಂದ ಸಾಯುವವರ ಸಂಖ್ಯೆ ವರ್ಷಕ್ಕೆ ಐದುನೂರರ ಆಸುಪಾಸಿನಲ್ಲಿದೆ. ತಂತಿಯ ವಿದ್ಯುತ್ತಿಗೆ ಸಿಕ್ಕಿ ಆನೆಗಳೂ ಸಾಯುತ್ತಿವೆ. ಸತ್ತವರಲ್ಲಿ ಹೆಚ್ಚಿನವರು ನಸುಕಿನಲ್ಲಿ ಕೆಲಸಕ್ಕೆ ನಡೆದು ಹೋಗುವ ಬಡವರು. ಆನೆಯನ್ನು ಉಳಿಸಬೇಕೆಂದು ನಾಡೆಲ್ಲ ಬಯಸಿದ ಮೇಲೆ ಅದರ ಖರ್ಚನ್ನು ಕಾಡಂಚಿನ ಕೆಲವೇ ಮನೆಗಳ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. ಊರೊಟ್ಟಿನ ನೆಲವನ್ನು ಊರಿಗೆ ಮರಳಿಸಿ, ಕಾಯುವ ಹೊಣೆಯ ಜೊತೆಗೆ ಕಾಯುವುದಕ್ಕೆ ಬೇಕಾದ ಅಧಿಕಾರವನ್ನೂ ಹಣವನ್ನೂ ಕೊಡುವುದು ಆ ಋಣದ ಮೊದಲ ಕಂತು.