ತಂತ್ರಾಂಶದ ಉಗ್ರಾಣವೂ ಕೆಲಸದ ದಫ್ತರವೂ

ಶಾನುಭೋಗರು ಪಹಣಿಯ ಪುಸ್ತಕಗಳನ್ನು ತಮ್ಮ ಮನೆಯ ಪೆಟ್ಟಿಗೆಯಲ್ಲಿಟ್ಟುಕೊಳ್ಳುತ್ತಿದ್ದ ಕಾಲವನ್ನು ಗ್ರಾಮಗಳ ಹಿರಿಯರು ಬಲ್ಲರು. ಪುಸ್ತಕವು ಸರ್ಕಾರದ್ದಾದರೂ ಬೀಗದ ಕೈ ಇನ್ನೊಬ್ಬರದು. ಕರ್ನಾಟಕ ಸರ್ಕಾರದವರು 2000ನೆಯ ಇಸವಿಯ ಸುಮಾರಿನಲ್ಲಿ ‘ಭೂಮಿ’ ಯೋಜನೆಯನ್ನು ಜಾರಿಗೆ ತಂದು, ಸುಮಾರು 67 ಲಕ್ಷ ರೈತರಿಗೆ ಸಂಬಂಧಪಟ್ಟ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ ಮೇಲೆ ಆ ಪೆಟ್ಟಿಗೆಯ ಕಾಲವು ಮುಗಿಯಿತು. ಬೀಗದ ಕೈಯ ಪ್ರಶ್ನೆಯು ಮಾತ್ರ ಮುಗಿಯಲಿಲ್ಲ. ಇಂತಹ ಕಾರ್ಯಗಳನ್ನು ನಡೆಯಿಸುವ ತಂತ್ರಾಂಶದ ಬರಹವನ್ನು ಎಲ್ಲಿ ಇಡತಕ್ಕದ್ದು, ಅದರ ಕೆಲಸದ ದಫ್ತರವು ಯಾರ ವಶದಲ್ಲಿರತಕ್ಕದ್ದು ಎಂಬುದು ಜಮೀನುದಾರರಿಗೂ ಸಂಬಂಧಪಟ್ಟ ವಿಷಯವೇ ಆಗಿದೆ.

ಬರಹವನ್ನು ಇಡುವ ಉಗ್ರಾಣಕ್ಕೆ ಈಗ ಬಹುಮಟ್ಟಿಗೆ ‘ಗಿಟ್’ ಎಂಬ ಸಾಧನವು ಬಳಕೆಯಲ್ಲಿದೆ. ಲೈನಸ್ ಟೋರ್ವಾಲ್ಡ್ಸ್ ಎಂಬವರು ಇದನ್ನು 2005ರಲ್ಲಿ ರಚಿಸಿದರು. ಯಾವ ಸಾಲನ್ನು ಯಾರು ಎಂದು ತಿದ್ದಿದರೆಂಬುದೆಲ್ಲವೂ ಇದರಲ್ಲಿ ಉಳಿಯುತ್ತದೆ. ಸಾಮಾನ್ಯವಾಗಿ ಕೆಲಸಗಾರರ ಒಂದೊಂದು ಪ್ರತಿಯಲ್ಲಿಯೂ ಪೂರ್ವದ ಚರಿತ್ರೆಯೆಲ್ಲ ಇರುವುದರಿಂದ, ಒಂದು ಸ್ಥಳವು ನಷ್ಟವಾದರೂ ಇನ್ನೊಂದರಿಂದ ಪಡೆಯಬಹುದು. ಉಗ್ರಾಣದ ವಿಷಯದಲ್ಲಿ ಹೆಚ್ಚು ಚಿಂತೆಗೆ ಕಾರಣವಿಲ್ಲ.

ಚಿಂತೆ ಇರುವುದು ದಫ್ತರದಲ್ಲಿ. ಪೋಡಿಯಾದ ಸರ್ವೆ ನಂಬರುಗಳಲ್ಲಿ ಖರಾಬು ಭೂಮಿಯು ಎರಡು ಸಲ ಕಳೆಯಲ್ಪಟ್ಟು, ರೈತನ ಹೆಸರಿನಲ್ಲಿ ಐದಾರು ಗುಂಟೆ ಕಡಮೆಯಾಗಿ ಕಾಣುವ ದೋಷವೊಂದು ಬಂದಿತೆಂದು ಭಾವಿಸೋಣ. ಯಾರು ದೂರಿತ್ತರು, ಯಾವ ಅಧಿಕಾರಿ ಪರಿಶೀಲಿಸಿದರು, ಏಕೆ ಹೀಗೆಯೇ ತಿದ್ದಬೇಕೆಂದು ತೀರ್ಮಾನವಾಯಿತು ಎಂಬುದು ದಫ್ತರದಲ್ಲಿರುತ್ತದೆ. ಉಗ್ರಾಣದಲ್ಲಿರುವುದು ತಿದ್ದಿದ ಸಾಲು ಮಾತ್ರ. ಐದು ವರ್ಷಗಳ ತರುವಾಯ ಹೊಸ ಗುತ್ತಿಗೆದಾರನು ಬಂದು, ದಫ್ತರವು ದೊರೆಯದೆ, ಆ ಸಾಲು ಅನಾವಶ್ಯಕವೆಂದು ತೆಗೆದುಹಾಕಿದರೆ ಮತ್ತೊಬ್ಬ ರೈತನ ಗುಂಟೆಗಳು ಮಾಯವಾಗುವುವು. ಆತನು ಕಚೇರಿಗೆ ಅಲೆಯುವ ದಿನಗಳನ್ನು ಯಾವ ಅಂದಾಜು ಪಟ್ಟಿಯಲ್ಲಿಯೂ ಬರೆಯುವುದಿಲ್ಲ.

ದಫ್ತರವು ಗಿಟ್‌ನಂತೆ ಹಗುರವಾಗಿ ಸಾಗುವ ವಸ್ತುವಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪೆನಿಯ ನೌಕರರೊಬ್ಬರು ಕೈತಪ್ಪಿನಿಂದ ಮುಖ್ಯ ದತ್ತಾಂಶವನ್ನು ಅಳಿಸಿದಾಗ, ಉಗ್ರಾಣದಲ್ಲಿದ್ದ ಬರಹವು ಕ್ಷೇಮವಾಗಿತ್ತು. ಸುಮಾರು ಆರು ಗಂಟೆಗಳ ಅವಧಿಯ ದೂರುಗಳೂ ಟಿಪ್ಪಣಿಗಳೂ ಮಾತ್ರ ಹೋದುವು. ಕಾದಿರಿಸಿದ್ದ ಪ್ರತಿಗಳನ್ನು ನೋಡಿದರೆ ಅವು ಕೆಲಸಕ್ಕೆ ಬರಲಿಲ್ಲ. ದಫ್ತರಕ್ಕೆ ಪ್ರಸಿದ್ಧವಾದ ‘ಜಿರಾ’ ಎಂಬ ಸಾಧನವನ್ನು ಅನೇಕರು ತಮ್ಮ ಸ್ವಂತ ಯಂತ್ರಗಳಲ್ಲಿಯೇ ಇಟ್ಟುಕೊಂಡಿದ್ದರು. ಅದರ ಸರ್ವರ್ ಎಂಬ ರೂಪಕ್ಕೆ ಕಂಪೆನಿಯು 2024ರ ಫೆಬ್ರವರಿಯಲ್ಲಿ ಬೆಂಬಲವನ್ನು ನಿಲ್ಲಿಸಿತು. ಗೂಗಲ್ ಕೋಡ್ ಎಂಬ ದೊಡ್ಡ ಉಗ್ರಾಣವೇ 2016ರಲ್ಲಿ ಮುಚ್ಚಿತು. ಕಂಪೆನಿಗಳು ತಮ್ಮ ವ್ಯಾಪಾರವನ್ನು ತಮ್ಮ ಇಷ್ಟದಂತೆ ನಡೆಯಿಸುವುದು ಸಹಜವೇ. ಅದನ್ನು ನಂಬಿ ಭೂದಾಖಲೆಯ ಕೆಲಸವನ್ನು ಕಟ್ಟುವುದು ವಿವೇಕವಲ್ಲ.

ಆದುದರಿಂದ ಮೂಲದ ಉಗ್ರಾಣವೂ ದಫ್ತರವೂ ಸರ್ಕಾರದ ಯಂತ್ರದಲ್ಲಿ, ಮುಕ್ತ ತಂತ್ರಾಂಶದಲ್ಲಿ, ಇರಬೇಕು. ಭಾರತ ಸರ್ಕಾರವು 2015ರಲ್ಲಿ ಮುಕ್ತ ತಂತ್ರಾಂಶದ ನೀತಿಯನ್ನು ಪ್ರಕಟಿಸಿ, ತರುವಾಯ ‘ಓಪನ್‌ಫೋರ್ಜ್’ ಎಂಬ ಸಾಮಾನ್ಯ ಉಗ್ರಾಣವನ್ನೂ ತೆರೆದಿದೆ. ಜರ್ಮನಿಯ ಆಡಳಿತಗಳಿಗಾಗಿ 2022ರಲ್ಲಿ ಇಂತಹುದೇ ಒಂದು ಏರ್ಪಾಡಾಯಿತು. 2020ರ ಮೇ ತಿಂಗಳಲ್ಲಿ ಆರೋಗ್ಯಸೇತುವಿನ ಬರಹವನ್ನು ಗಿಟ್‌ಹಬ್‌ನಲ್ಲಿ ಪ್ರಕಟಿಸಿದಂತೆ, ಪ್ರತಿಯೊಂದನ್ನು ಹೊರಗಿನ ಪೇಟೆಯಲ್ಲಿ ಇಡುವುದಕ್ಕೆ ಅಡ್ಡಿಯಿಲ್ಲ, ಮೂಲವು ಮನೆಯಲ್ಲಿರಲಿ. ರೈತರ ಹೆಸರು, ವಿಳಾಸ, ಗುಪ್ತಪದಗಳು ಮಾತ್ರ ಎರಡು ಕಡೆಯೂ ಉಗ್ರಾಣವನ್ನು ಸೇರಕೂಡದು.

ಸ್ವಂತ ಯಂತ್ರವನ್ನು ನೋಡಿಕೊಳ್ಳುವುದಕ್ಕೆ ನುರಿತ ನೌಕರರು ಬೇಕು, ಖರ್ಚೂ ಉಂಟು ಎಂಬ ಆಕ್ಷೇಪಣೆಯು ನ್ಯಾಯವಾದದ್ದೇ. ಅಲಕ್ಷ್ಯಕ್ಕೊಳಗಾದ ಸರ್ಕಾರೀ ಯಂತ್ರವು ಕಂಪೆನಿಯ ಯಂತ್ರಕ್ಕಿಂತಲೂ ಕೆಟ್ಟದ್ದು. ಅಷ್ಟು ಮಾಡಲಾರದ ಇಲಾಖೆಯು ಗುತ್ತಿಗೆಯ ಕರಾರಿನಲ್ಲಿ ಎರಡು ಷರತ್ತುಗಳನ್ನಾದರೂ ಬರೆಯಿಸಲಿ: ಕೊನೆಯ ಕಂತಿನ ಹಣಕ್ಕೆ ಮುಂಚೆ ಬರಹದೊಡನೆ ದಫ್ತರವೆಲ್ಲವನ್ನೂ ಓದಲು ಬರುವ ರೂಪದಲ್ಲಿ ಒಪ್ಪಿಸತಕ್ಕದ್ದು, ವರ್ಷಕ್ಕೊಮ್ಮೆ ಕಾದಿರಿಸಿದ ಪ್ರತಿಯಿಂದ ಬೇರೆ ಯಂತ್ರದಲ್ಲಿ ಎಲ್ಲವನ್ನೂ ಎಬ್ಬಿಸಿ ತೋರಿಸತಕ್ಕದ್ದು. ಗ್ರಾಮಮುಖ್ಯರು ನಾಡಕಚೇರಿಯಲ್ಲಿ ತಂತ್ರಾಂಶದ ದೋಷವನ್ನು ಕುರಿತು ಅರ್ಜಿ ಕೊಟ್ಟಾಗ, ಅದು ದಫ್ತರದಲ್ಲಿ ದಾಖಲಾದ ನಂಬರನ್ನು ಬರೆಯಿಸಿಕೊಂಡೇ ಹಿಂತಿರುಗತಕ್ಕದ್ದು.