ಸೂಜಿಗೂ ಕುಂಚದಷ್ಟೇ ಮರ್ಯಾದೆ ಸಿಗಲಿ

ಭದ್ರಾವತಿ ಎಂದರೆ ಎಲ್ಲರಿಗೂ ನೆನಪಾಗುವುದು ಕಬ್ಬಿಣ, ಕಾಗದ. 1957ರಲ್ಲಿ ಅದೇ ಊರಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿಲ್ಲ. ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕಿಯಾದ ನನಗೆ ಇದು ಸಂಕಟದ ಸಂಗತಿ.

ಅವರು ಕಲಿತದ್ದು ಚಿತ್ರಕಲೆ. ಬೆಂಗಳೂರಿನ ಕೆನ್ ಕಲಾಶಾಲೆಯಿಂದ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ವರೆಗೆ ಹೋಗಿಬಂದವರು, 1990ರ ದಶಕದಲ್ಲಿ ಸಗಣಿ, ನೂಲು, ಕುಂಕುಮ ಹಿಡಿದರು. ‘ನನ್ನ ನೋವನ್ನು ಅವನಿಗೆ ಹೇಳು’ ಎಂಬರ್ಥದ ಹೆಸರಿರುವ ಕೃತಿ 1998ರದ್ದು. ಯಾರ ನೋವು, ‘ಅವನು’ ಯಾರು, ಒಂದೂ ಹೇಳುವುದಿಲ್ಲ. ಉದ್ದುದ್ದ ನೂಲಿನ ಎಳೆಗಳಿಗೆ ಸೂಜಿ ಪೋಣಿಸಿ, ಎಳೆಗಳನ್ನು ಒಟ್ಟು ಮಾಡಿ, ಕುಂಕುಮ ಕಲಸಿದ ಅಂಟು ಸವರಿ ಹಗ್ಗ ಮಾಡಿದ್ದಾರೆ. ಗೋಡೆಯಿಂದ ಇಳಿದು ನೆಲದಲ್ಲಿ ಸುತ್ತಿಕೊಂಡ ಆ ಕೆಂಪು ಹಗ್ಗ ದೂರದಿಂದ ಕರುಳಿನ ಹಾಗೆ ಕಾಣುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು.

ಅದರ ಫೋಟೊ ತೋರಿಸಿದಾಗ ಒಂಬತ್ತನೇ ತರಗತಿಯ ಹುಡುಗರು ‘ಇದರ ಅರ್ಥ ಏನು ಮಿಸ್?’ ಎಂದರು. ಗಾರ್ಮೆಂಟ್ಸ್‌ಗೆ ಹೋಗುವ ತಾಯಿಯ ಮಗಳೊಬ್ಬಳು ಕೇಳಿದ್ದು ಬೇರೆ: ‘ಇಷ್ಟೊಂದು ದಾರ ಪೋಣಿಸಿದ್ರೆ ಕಣ್ಣು ನೋಯಲ್ವಾ ಮಿಸ್?’ ನನ್ನ ಮಟ್ಟಿಗೆ ಆ ಕೃತಿಯೊಳಗೆ ಹೋಗುವ ಬಾಗಿಲು ಆ ಹುಡುಗಿಯ ಪ್ರಶ್ನೆಯೇ. ನೋವನ್ನು ಮುಖದಲ್ಲಿ, ಕಣ್ಣೀರಿನಲ್ಲಿ ಬಿಡಿಸಿಲ್ಲ ಈ ಕಲಾವಿದೆ. ಹೆಂಗಸರ ಬೆರಳು ದಿನವೂ ಮಾಡುವ, ಯಾರೂ ಲೆಕ್ಕಕ್ಕಿಡದ ಕೆಲಸದೊಳಗೇ ಇಟ್ಟಿದ್ದಾರೆ.

2009ರ ವೆನಿಸ್ ಬಿನಾಲೆ ಕಲಾಪ್ರದರ್ಶನದಲ್ಲಿ ಅವರು ತೋರಿಸಿದ್ದೂ ನಮ್ಮ ಬೀದಿಯ ವಸ್ತುವನ್ನೇ. ದೃಷ್ಟಿ ತಾಗದಿರಲೆಂದು ವಾಹನದ ಬಂಪರಿಗೆ ಸುತ್ತುವ ಕೂದಲ ಹಗ್ಗ ಸುಮಾರು 4 ಕಿಲೋಮೀಟರ್, ಬಂಪರುಗಳು 20. ದೇವರಿಗೆ ಮುಡಿ ಕೊಟ್ಟವರ ಹರಕೆ, ಗಾಡಿ ಓಡಿಸುವವರ ಭಯ, ಎರಡೂ ಅದರಲ್ಲಿವೆ. ಆ ಕೃತಿ ಈಗ ಲಂಡನ್ನಿನ ಟೇಟ್ ಕಲಾ ಗ್ಯಾಲರಿಯ ಸಂಗ್ರಹದಲ್ಲಿದೆ.

ಇತ್ತ ನಾನು ಕಂಡ ಶಾಲೆಗಳಲ್ಲಿ ವಸ್ತುಪ್ರದರ್ಶನ ನಡೆದರೆ ಜಲವರ್ಣದ ಸೂರ್ಯೋದಯಕ್ಕೆ ‘ಕಲೆ’ ಎಂಬ ಚೀಟಿ, ಹುಡುಗಿಯರ ಕಸೂತಿಗೆ ‘ಕರಕುಶಲ’ ಎಂಬ ಚೀಟಿ. ಅದೂ ಮೂಲೆಯ ಮೇಜಿನ ಮೇಲೆ. ಹೊಲಿಗೆಯನ್ನು ಹುಡುಗರು ಮುಟ್ಟುವುದೂ ಇಲ್ಲ. ಈ ವಿಂಗಡಣೆ ತಪ್ಪು. ತನ್ನ ಅಜ್ಜಿಯ ಹಳೇ ಸೀರೆಯ ತುಂಡಿನ ಮೇಲೆ ಅಜ್ಜಿಯದೇ ಒಂದು ಮಾತನ್ನು ದಾರದಲ್ಲಿ ಹೊಲಿದು ತಂದ ಮಗು, ಬಣ್ಣದ ಪೆಟ್ಟಿಗೆ ಕೊಳ್ಳಬಲ್ಲ ಮಗುವಿಗಿಂತ ಕಡಿಮೆ ಕಲಾವಿದನೇನಲ್ಲ. ಬಡವರ ಮನೆಯಲ್ಲೂ ಸೂಜಿ ಇರುತ್ತದೆ.

ಚಿತ್ರಕಲಾ ಶಿಕ್ಷಕ ಮಿತ್ರರೇ, ಮುಂದಿನ ಪ್ರದರ್ಶನದಲ್ಲಿ ಆ ಎರಡು ಮೇಜುಗಳನ್ನು ಒಂದು ಮಾಡಿ, ಬಹುಮಾನವನ್ನೂ ಒಂದೇ ಮಾಡಿ. ಪಠ್ಯಪುಸ್ತಕ ರೂಪಿಸುವವರಲ್ಲಿ ನನ್ನ ಕೋರಿಕೆ: ಶೀಲಾ ಗೌಡರ ಒಂದು ಕೃತಿಯ ಚಿತ್ರವನ್ನು, ಅದನ್ನು ಮಾಡಿದ ಬಗೆಯ ವಿವರದೊಂದಿಗೆ, ಪ್ರೌಢಶಾಲೆಯ ಪುಸ್ತಕದಲ್ಲಿ ಅಚ್ಚು ಹಾಕಿಸಿ.