ಧಾರಣೆ ಬಂತು, ವಾಹನ ಬರಲಿಲ್ಲ

ರಾಜ್ಯ ಸರಕಾರವು 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ಆನ್‌ಲೈನ್ ಹರಾಜನ್ನು ಆರಂಭಿಸಿತು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆಳಂದ, ಅಫಜಲಪುರ, ಜೇವರ್ಗಿಯ ರೈತನು ಇಂದು ಮಾರುಕಟ್ಟೆಯ ಧಾರಣೆಯನ್ನು ಹೊಲದಲ್ಲಿ ನಿಂತೇ ಮೊಬೈಲಿನಲ್ಲಿ ನೋಡಬಲ್ಲ. ಆದರೆ ಎರಡೆಕರೆಯವನ ಹತ್ತು ಚೀಲಕ್ಕಾಗಿ ಲಾರಿ ಹೊರಡಿಸುವವರು ಯಾರು? ಒಂಟಿಯಾಗಿ ಟಂಟಂ ಬಾಡಿಗೆ ತೆತ್ತು, ಹಮಾಲಿ ಕೊಟ್ಟು ನಷ್ಟಪಡುವುದಕ್ಕಿಂತ ಊರಿನಲ್ಲೇ ದಲ್ಲಾಳಿ ಹೇಳಿದ ದರಕ್ಕೆ ಮಾರುವುದು ಅವನಿಗೆ ಲೇಸೆನಿಸುತ್ತದೆ.

ಲಾಕ್‌ಡೌನ್ ನಡುವೆ, 2020ರ ಏಪ್ರಿಲ್‌ನಲ್ಲಿ, ಬಾಡಿಗೆ ವಾಹನ ಹುಡುಕಲು ಕೇಂದ್ರ ಸರಕಾರವು ‘ಕಿಸಾನ್ ರಥ’ ಆ್ಯಪನ್ನು ಹೊರತಂದಿತು. ಉದ್ದೇಶ ಒಳ್ಳೆಯದೇ. ಆದರೆ ವಾಹನವನ್ನು ತೋರಿಸಿದ ಮಾತ್ರಕ್ಕೆ ಬಾಡಿಗೆ ಇಳಿಯದು. ಒಂದೇ ದಾರಿಯ ಹತ್ತು ಮನೆಗಳ ಚೀಲಗಳು ಒಂದೇ ವಾಹನ ಏರಿದಾಗ ಇಳಿಯುತ್ತದೆ. ಇದಕ್ಕೆ ಮಹಾ ತಂತ್ರಜ್ಞಾನವೇನೂ ಬೇಡ. ಯಾರಲ್ಲಿ ಎಷ್ಟು ಚೀಲ, ಯಾವ ದಿನ ಸಿದ್ಧ ಎಂಬ ಪಟ್ಟಿ ಗ್ರಾಮದ ಸಹಕಾರ ಸಂಘದ ಮೊಬೈಲಿನಲ್ಲಿದ್ದು ವಾಹನದವರಿಗೆ ತಲುಪಿದರೆ ಸಾಕು. ಮಾರುಕಟ್ಟೆಯಲ್ಲಿ ಮಾತ್ರ ಪ್ರತಿಯೊಬ್ಬನ ಮಾಲನ್ನು ಪ್ರತ್ಯೇಕವಾಗಿಯೇ ತೂಗಬೇಕು. ಇಲ್ಲವಾದರೆ ರೈತನು ಪಟ್ಟಿಯನ್ನು ನಂಬಲಾರ. (ಬಿತ್ತನೆಗೆಂದು ದಲ್ಲಾಳಿಯಿಂದ ಮುಂಗಡ ಪಡೆದು ಬಡ್ಡಿಗೆ ಸಿಲುಕಿದವನನ್ನು ಯಾವ ಆ್ಯಪೂ ಬಿಡಿಸದು.)

ಹೊಸ ತೊಗರಿ ಡಿಸೆಂಬರ್‌ನಿಂದ ಬರತೊಡಗುತ್ತದೆ. ಅದಕ್ಕೆ ಮುನ್ನವೇ ಈ ಮೂರು ತಾಲೂಕುಗಳ ಸಂಘಗಳಲ್ಲಿ ಪಟ್ಟಿಯ ಕೆಲಸ ಆರಂಭವಾಗಬೇಕೆಂದು ನಾವು ಸಹಕಾರ ಇಲಾಖೆಯನ್ನು ಒತ್ತಾಯಿಸುತ್ತೇವೆ.